ಹಿಗ್ಸ್‌ಗೆ ಒಡಹುಟ್ಟಿದವರಿದ್ದಾರಾ?

ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆಯ ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. 61 ದಿನ ರಜೆ. ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಹರಿದ ಬಲೆ ಹೊಲಿಯುವುದು, ಇಂಜಿನ್ ಬಿಚ್ಚಿ ಜೋಡಿಸುವುದು, ಬಣ್ಣ ಬಳಿಯುವುದು ಆಗ ನಡೆಯುವ ಕೆಲಸ.

ಜಿನೀವಾದಲ್ಲೂ ಇಂಥದ್ದೊಂದು ರಜೆ ಇದೆ. ಸರ್ನ್ ಸಂಸ್ಥೆಯಲ್ಲಿ ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರ ಲಾರ್ಜ್ ಹ್ಯಾಡ್ರಾನ್ ಕೊಲೈಡರ್, ಅಂದರೆ ಎಲ್‌ಎಚ್‌ಸಿ, 2026ರ ಮಧ್ಯದಲ್ಲಿ ನಿಲ್ಲಬೇಕು ಎಂಬುದು ನಿಗದಿ. ಮತ್ತೆ ಕಣಗಳ ಡಿಕ್ಕಿ ಶುರುವಾಗುವುದು 2030ರ ಹೊತ್ತಿಗೆ. ಅವರದ್ದೂ ಒಂದು ರೀತಿಯಲ್ಲಿ ಬಲೆ ಹೊಲಿಯುವ ಕೆಲಸವೇ. ಯಂತ್ರದ ಮೂಲ ಯೋಜನೆಯ ಲೆಕ್ಕಕ್ಕಿಂತ ಹತ್ತು ಪಟ್ಟು ಜಾಸ್ತಿ ಡಿಕ್ಕಿಗಳನ್ನು ಹಿಡಿಯುವ ಬಲೆ ಅದು.

ಉಡುಪಿಯಲ್ಲಿ ಬಿ.ಎಸ್ಸಿ ಓದುವ ನನ್ನ ಅಕ್ಕನ ಮಗನಿಗೆ ಇದನ್ನು ಹೇಳಿದಾಗ ಅವನು ತಿರುಗಿ ಕೇಳಿದ: "ಮಾವ, ಹಿಗ್ಸ್ ಕಣ 2012ರಲ್ಲೇ ಸಿಕ್ಕಿತಲ್ಲ. ಇನ್ನೂ ಏನು ಹುಡುಕ್ತಾ ಇದ್ದಾರೆ?"

ಕೇಳಬೇಕಾದ ಪ್ರಶ್ನೆಯೇ. ಆಗ ನಮ್ಮ ಟಿವಿಯವರು 'ದೇವಕಣ ಸಿಕ್ಕಿತು' ಎಂದು ಎರಡು ದಿನ ಕೂಗಿ ಕತೆ ಮುಗಿಸಿಬಿಟ್ಟಿದ್ದರು. ಆದರೆ ಸಿಕ್ಕಿದ್ದು ಒಂದು ಎನ್ನುವುದು ಬೇರೆ, ಇರುವುದೇ ಒಂದು ಎನ್ನುವುದು ಬೇರೆ. ಎರಡನೆಯದನ್ನು ಯಾರೂ ತೋರಿಸಿಕೊಟ್ಟಿಲ್ಲ. 1960ರ ದಶಕದಲ್ಲಿ ಇಷ್ಟರಲ್ಲೇ ಕೆಲಸ ಆಗುತ್ತದಲ್ಲ ಎಂದು ಮನುಷ್ಯರು ಮಾಡಿಕೊಂಡ ಆಯ್ಕೆ ಅದು. ಆ ಆಯ್ಕೆ ಸರಿಯೋ ಅಲ್ಲವೋ ಎಂಬುದೇ ಈಗಿನ ಹುಡುಕಾಟ.

ಇದು ಅರ್ಥವಾಗಬೇಕಾದರೆ ಕಣವನ್ನು ಸ್ವಲ್ಪ ಬದಿಗಿಟ್ಟು ಕ್ಷೇತ್ರವನ್ನು ನೋಡಬೇಕು. ಮಂಗಳೂರಿನ ಪ್ರತಿ ಜಾಗಕ್ಕೂ ಈ ಕ್ಷಣದಲ್ಲಿ ಒಂದು ಉಷ್ಣತೆ ಇದೆ. ಹಂಪನಕಟ್ಟೆಯಲ್ಲಿ ಒಂದು, ಪಣಂಬೂರು ಬೀಚಿನಲ್ಲಿ ಇನ್ನೊಂದು. ಹೀಗೆ ಪ್ರತಿ ಬಿಂದುವಿಗೂ ಒಂದು ಸಂಖ್ಯೆ ಕೊಟ್ಟರೆ ಅದೊಂದು ಕ್ಷೇತ್ರ. ಗಾಳಿಗಾದರೆ ಒಂದು ಸಂಖ್ಯೆ ಸಾಲದು. ಎಷ್ಟು ಜೋರು, ಯಾವ ಕಡೆಗೆ ಎಂದು ಹೇಳಲು ಮೂರು ಬೇಕು. ಹಿಗ್ಸ್ ಕ್ಷೇತ್ರಕ್ಕೆ ನಾಲ್ಕು ಬೇಕು. ಲೆಕ್ಕದ ಭಾಷೆಯಲ್ಲಿ ಈ ನಾಲ್ಕರ ಕಟ್ಟಿಗೆ ಡಬ್ಲೆಟ್ ಎನ್ನುತ್ತಾರೆ. ನಾನು 'ಜೋಡಿ' ಎನ್ನುತ್ತೇನೆ, ಯಾಕೆಂದರೆ ಅದರಲ್ಲಿ ಎರಡು ಸಂಕೀರ್ಣ ಸಂಖ್ಯೆಗಳಿವೆ. ಒಂದೊಂದರಲ್ಲೂ ಎರಡೆರಡು ಸಾಮಾನ್ಯ ಸಂಖ್ಯೆ, ಒಟ್ಟು ನಾಲ್ಕು.

ಬೇರೆ ಕ್ಷೇತ್ರಗಳು ಖಾಲಿ ಜಾಗದಲ್ಲಿ ಸೊನ್ನೆಯಾಗಿರುತ್ತವೆ. ಹಿಗ್ಸ್ ಕ್ಷೇತ್ರ ಹಾಗಲ್ಲ. ನಮ್ಮೂರಿನಲ್ಲಿ ಮಳೆ ಇಲ್ಲದ ದಿನವೂ ಗಾಳಿಯಲ್ಲಿ ತೇವ ಇದ್ದೇ ಇರುತ್ತದಲ್ಲ, ಹಾಗೆ. ಏನೂ ಇಲ್ಲದ ಕಡೆಯೂ ಅದರ ಬೆಲೆ 246 ಜಿಇವಿ. ಜಿಇವಿ ಅಂದರೆ ನೂರು ಕೋಟಿ ಎಲೆಕ್ಟ್ರಾನ್ ವೋಲ್ಟ್. ಒಂದು ಪ್ರೋಟಾನಿನ ತೂಕ ಹೆಚ್ಚುಕಡಿಮೆ ಒಂದು ಜಿಇವಿ ಎಂದು ನೆನಪಿಟ್ಟುಕೊಂಡರೆ ಮುಂದಿನ ಅಂಕಿಗಳು ಸುಲಭ.

ಈ ತೇವದಿಂದಾಗಿಯೇ ಡಬ್ಲ್ಯೂ ಪ್ಲಸ್, ಡಬ್ಲ್ಯೂ ಮೈನಸ್, ಝಡ್ ಎಂಬ ಮೂರು ಕಣಗಳಿಗೆ ತೂಕ ಬಂದದ್ದು. ತೂಕ ಬರಬೇಕಾದರೆ ಅವು ಹಿಗ್ಸ್ ಕ್ಷೇತ್ರದಿಂದ ತಲಾ ಒಂದು ಪಾಲು ನುಂಗಬೇಕು. ನಾಲ್ಕರಲ್ಲಿ ಮೂರು ಹೋಯಿತು, ಒಂದು ಉಳಿಯಿತು. ಆ ಉಳಿದ ಒಂದರ ಅಲುಗಾಟವೇ 2012ರ ಜುಲೈ 4ರಂದು ಎಲ್‌ಎಚ್‌ಸಿಯ ಅಟ್ಲಾಸ್ ಮತ್ತು ಸಿಎಂಎಸ್ ಪ್ರಯೋಗದವರು ತೋರಿಸಿದ ಹಿಗ್ಸ್ ಬೋಸಾನ್. ಅದರ ತೂಕ ಸುಮಾರು 125 ಜಿಇವಿ. ಮರುವರ್ಷ ಪೀಟರ್ ಹಿಗ್ಸ್ ಮತ್ತು ಫ್ರಾನ್ಸ್ವಾ ಆಂಗ್ಲೇರ್ ಅವರಿಗೆ ನೊಬೆಲ್ ಬಂತು.

ಲೆಕ್ಕ ಇಷ್ಟೇ. ನಾಲ್ಕು ಕೊಟ್ಟರೆ ಒಂದು ಉಳಿಯುತ್ತದೆ. ಎಂಟು ಕೊಟ್ಟರೆ ಐದು ಉಳಿಯುತ್ತದೆ. ನುಂಗುವವರು ಮೂರೇ ಜನ. ನಾವು ನಾಲ್ಕೇ ಯಾಕೆ ಕೊಟ್ಟೆವು? ಅದಕ್ಕಿಂತ ಕಡಿಮೆ ಕೊಟ್ಟರೆ ಕೆಲಸ ಆಗುವುದಿಲ್ಲ, ಅದಕ್ಕೆ. ಬೇರೆ ಕಾರಣ ಇಲ್ಲ.

ಪ್ರಕೃತಿಗೆ ಹೀಗೆ ಕಮ್ಮಿಯಲ್ಲಿ ಮುಗಿಸುವ ಅಭ್ಯಾಸ ಇದ್ದಂತಿಲ್ಲ. ನಾವು ನೋಡುವ ಜಗತ್ತು ನಡೆಯಲು ಎಲೆಕ್ಟ್ರಾನ್ ಸಾಕಿತ್ತು. ಆದರೂ ಅದಕ್ಕೆ ಮ್ಯೂಯಾನ್ ಎಂಬ ಭಾರದ ಅಣ್ಣ, ಟಾವು ಎಂಬ ಇನ್ನೂ ಭಾರದ ದೊಡ್ಡಣ್ಣ ಇದ್ದಾರೆ. ಮ್ಯೂಯಾನ್ ಬಂದಾಗ ಇಸಿಡೋರ್ ರಾಬಿ ಎಂಬ ವಿಜ್ಞಾನಿ "ಇದನ್ನು ಯಾರು ಆರ್ಡರ್ ಮಾಡಿದ್ದು?" ಎಂದರಂತೆ. ಹೋಟೆಲಲ್ಲಿ ಕೇಳದೆ ಗೋಳಿಬಜೆ ತಂದಿಟ್ಟರೆ ನಾವು ಕೇಳುವ ಹಾಗೆ. ಪ್ರೋಟಾನಿನ ಒಳಗಿರುವಂಥ ಕ್ವಾರ್ಕ್ ಎಂಬ ಕಣಗಳಿಗೂ ಮೂರು ತಲೆಮಾರು. ಎಲ್ಲರ ಮನೆಯಲ್ಲೂ ಮೂರು ಮೂರು ಇರುವಾಗ ಹಿಗ್ಸ್ ಮನೆಯಲ್ಲಿ ಮಾತ್ರ ಒಂದೇ ಮಗು ಎನ್ನಲು ಸ್ವಲ್ಪ ಧೈರ್ಯ ಬೇಕು.

ಆದರೆ 'ಇರಬಹುದಲ್ಲ' ಎನ್ನುವುದು ಸಾವಿರಾರು ಕೋಟಿ ಖರ್ಚಿಗೆ ಕಾರಣವಾಗುವುದಿಲ್ಲ. ಬಲವಾದ ಕಾರಣ ಬೇರೆ ಇದೆ. ಸ್ಟ್ಯಾಂಡರ್ಡ್ ಮಾಡೆಲ್ ಎಂಬ ಈಗಿನ ಸಿದ್ಧಾಂತ ಕೆಲವು ಪ್ರಶ್ನೆಗಳ ಎದುರು ಸುಮ್ಮನಾಗುತ್ತದೆ. ಅವುಗಳಲ್ಲಿ ನನಗೆ ಅತಿ ಮುಖ್ಯ ಅನಿಸುವುದು ನಾವೆಲ್ಲ ಯಾಕೆ ಇದ್ದೇವೆ ಎಂಬುದು.

ಇದು ವೇದಾಂತದ ಪ್ರಶ್ನೆಯಲ್ಲ. ವಿಶ್ವ ಶುರುವಾದಾಗ ದ್ರವ್ಯ ಮತ್ತು ಪ್ರತಿದ್ರವ್ಯ ಸಮಸಮ ಇದ್ದರೆ ಎರಡೂ ಒಂದನ್ನೊಂದು ಅಳಿಸಿಹಾಕಿ ಬೆಳಕು ಮಾತ್ರ ಉಳಿಯಬೇಕಿತ್ತು. ಎಲ್ಲೋ ಒಂದು ಕಡೆ ತಕ್ಕಡಿ ಸ್ವಲ್ಪ ವಾಲಿದೆ. ವಾಲಲು ಏನೇನು ಬೇಕು ಎಂದು ಆಂದ್ರೇ ಸಖರೋವ್ 1967ರಲ್ಲಿ ಮೂರು ಷರತ್ತು ಬರೆದಿಟ್ಟರು. ಅದರಲ್ಲಿ ಒಂದು, ಆ ಘಟನೆ ಸಮತೋಲದಲ್ಲಿ ನಿಧಾನ ನಡೆಯಬಾರದು ಎಂಬುದು. ಹಿಗ್ಸ್ ಕ್ಷೇತ್ರ ಸೊನ್ನೆಯಿಂದ 246ಕ್ಕೆ ಏರಿದ ಕ್ಷಣ ಇದಕ್ಕೆ ಒಳ್ಳೆಯ ಅವಕಾಶ.

ಏರಿದ್ದು ಹೇಗೆ ಎಂಬುದರಲ್ಲಿ ಎರಡು ಬಗೆ. ಅನ್ನಕ್ಕಿಟ್ಟ ನೀರು ಕುದಿಯುವಾಗ ಗುಳ್ಳೆ ಏಳುತ್ತದೆ. ಗುಳ್ಳೆಯ ಒಳಗೆ ಆವಿ, ಹೊರಗೆ ನೀರು, ಮಧ್ಯೆ ಸ್ಪಷ್ಟ ಗೋಡೆ. ಬೆಲ್ಲದ ಪಾಕ ಹಾಗಲ್ಲ. ತೆಳ್ಳಗಿದ್ದದ್ದು ನಿಧಾನಕ್ಕೆ ಗಟ್ಟಿಯಾಗುತ್ತದೆ, ಈ ಕ್ಷಣದಲ್ಲೇ ಬದಲಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ದ್ರವ್ಯ ಜಾಸ್ತಿಯಾಗಲು ಗುಳ್ಳೆ ಏಳಬೇಕು. ಗುಳ್ಳೆಯ ಗೋಡೆಯ ಒಂದು ಬದಿಯಲ್ಲಿ ಒಂದು ನಿಯಮ, ಇನ್ನೊಂದು ಬದಿಯಲ್ಲಿ ಇನ್ನೊಂದು ನಿಯಮ ಇದ್ದರೆ ತಕ್ಕಡಿ ವಾಲಬಹುದು. ಕಂಪ್ಯೂಟರ್ ಲೆಕ್ಕಗಳು ಏನು ಹೇಳುತ್ತವೆ ಅಂದರೆ, ಹಿಗ್ಸ್ ಒಂದೇ ಇದ್ದು ಅದರ ತೂಕ ಸುಮಾರು 70–80 ಜಿಇವಿಗಿಂತ ಜಾಸ್ತಿ ಇದ್ದರೆ ಗುಳ್ಳೆ ಏಳುವುದೇ ಇಲ್ಲ. ನಮ್ಮದು 125. ಅಂದರೆ ಬೆಲ್ಲದ ಪಾಕ. ಇನ್ನೊಂದು ಹಿಗ್ಸ್ ಜತೆಗಿದ್ದರೆ? ಆಗ ಗುಳ್ಳೆ ಏಳಬಹುದು. ಆ ಗುಳ್ಳೆಗಳು ಒಂದಕ್ಕೊಂದು ಬಡಿದಾಗ ಎದ್ದ ಗುರುತ್ವ ಅಲೆಗಳನ್ನು ಹಿಡಿಯಲು ಮುಂದೊಂದು ದಿನ ಆಕಾಶದಲ್ಲೇ ಉಪಕರಣ ಇರುತ್ತದೆ. ಯುರೋಪಿನ ಲೀಸಾ ಯೋಜನೆಗೆ 2024ರಲ್ಲಿ ಒಪ್ಪಿಗೆ ಸಿಕ್ಕಿದೆ, ಹಾರುವುದು 2030ರ ದಶಕದ ಮಧ್ಯದಲ್ಲಿ.

ಉಳಿದ ಎರಡು ಪ್ರಶ್ನೆ: ಕಣ್ಣಿಗೆ ಕಾಣದೆ ಗುರುತ್ವದ ಎಳೆತದಿಂದ ಮಾತ್ರ ಗೊತ್ತಾಗುವ ಕಪ್ಪುದ್ರವ್ಯ ಏನು, ಮತ್ತು ನ್ಯೂಟ್ರಿನೊ ಎಂಬ ಅತಿ ಹಗುರದ ಕಣಕ್ಕೆ ತೂಕ ಎಲ್ಲಿಂದ ಬಂತು. ಅವು ಮುಂದೆ ದಾರಿಯಲ್ಲೇ ಸಿಗುತ್ತವೆ.

ಈಗ ಮಾದರಿಗಳಿಗೆ ಬರೋಣ. ಪೇಪರುಗಳಲ್ಲಿ ಇವುಗಳ ಹೆಸರಿನ ಕಾಡೇ ಇದೆ. ನಮಗೆ ಮೂರು ಸಾಕು: ಒಂಟಿ, ಜೋಡಿ, ತ್ರಿವಳಿ. ಮೊದಲಿದ್ದ ಜೋಡಿಯ ಪಕ್ಕದಲ್ಲಿ ಹೊಸದಾಗಿ ಯಾರನ್ನು ತಂದು ಕೂರಿಸುತ್ತೀರಿ ಎಂಬುದೇ ಪ್ರಶ್ನೆ.

ಒಂಟಿ ಎಲ್ಲಕ್ಕಿಂತ ಸರಳ. ಒಂದೇ ಸಂಖ್ಯೆಯ ಕ್ಷೇತ್ರ. ಅದಕ್ಕೆ ವಿದ್ಯುತ್ತು ಗೊತ್ತಿಲ್ಲ, ಡಬ್ಲ್ಯೂ ಝಡ್ ಗೊತ್ತಿಲ್ಲ, ಪರಿಚಯ ಇರುವುದು ಹಿಗ್ಸ್ ಒಬ್ಬನದೇ. ಅದು ಹಿಗ್ಸ್ ಜತೆ ಬೆರೆತರೆ ಹಿಗ್ಸ್ ಬಲ ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಹಾಲಿಗೆ ನೀರು ಹಾಕಿದರೆ ಕಾಫಿಗೂ ಅದೇ ತೆಳು, ಮೊಸರಿಗೂ ಅದೇ ತೆಳು, ಹಾಗೆ. ಬೆರೆಯದೆ ದೂರ ನಿಂತರೆ ಅದೇ ಕಪ್ಪುದ್ರವ್ಯ ಆಗಬಹುದು. ಭೂಮಿಯ ಆಳದಲ್ಲಿಟ್ಟ ಕ್ಸೆನಾನ್ ತೊಟ್ಟಿಗಳಲ್ಲಿ ಕಪ್ಪುದ್ರವ್ಯಕ್ಕೆ ಕಾದು ಕಾದು ಏನೂ ಸಿಗದಿರುವುದರಿಂದ ಈ ಮಾದರಿಗೆ ಈಗ ಜಾಗ ತುಂಬ ಕಮ್ಮಿ. ಒಂದು ಸಂದು ಮಾತ್ರ ಇನ್ನೂ ತೆರೆದಿದೆ. ಒಂಟಿಯ ತೂಕ 62.5 ಜಿಇವಿ ಆಸುಪಾಸಿನಲ್ಲಿದ್ದರೆ, ಅಂದರೆ ಹಿಗ್ಸ್ ತೂಕದ ಸರಿ ಅರ್ಧ ಇದ್ದರೆ, ಅದು ಕೈಗೆ ಸಿಗದೆ ಉಳಿಯಬಹುದು. ಇಲ್ಲವೇ ತುಂಬ ಭಾರ ಇರಬೇಕು.

ಎರಡು ಜೋಡಿಗಳ ಮಾದರಿಯಲ್ಲಿ ಮಜಾ ಜಾಸ್ತಿ. ಇದನ್ನು 1973ರಲ್ಲಿ ಮುಂದಿಟ್ಟವರು ತ್ಸುಂಗ್ ದಾವೋ ಲೀ. ದ್ರವ್ಯ ಮತ್ತು ಪ್ರತಿದ್ರವ್ಯದ ನಡವಳಿಕೆಯಲ್ಲಿನ ವ್ಯತ್ಯಾಸ ಎಲ್ಲಿಂದ ಬಂತು ಎಂದು ಅವರು ಹುಡುಕುತ್ತಿದ್ದರು. ಎಂಟು ಸಂಖ್ಯೆ, ಮೂರು ನುಂಗಿಹೋಯಿತು, ಐದು ಹಿಗ್ಸ್ ಉಳಿಯಿತು. ಒಂದು ನಮಗೆ ಸಿಕ್ಕ ಹಗುರದ್ದು. ಅದರಂತೆಯೇ ಇರುವ ಭಾರದ್ದು ಇನ್ನೊಂದು. ಕನ್ನಡಿಯಲ್ಲಿ ನೋಡಿದರೆ ಚಿಹ್ನೆ ತಿರುಗುವ ಎ ಎಂಬ ಮತ್ತೊಂದು. ಕೊನೆಗೆ ವಿದ್ಯುತ್ ಇರುವ ಎರಡು, ಒಂದು ಪ್ಲಸ್, ಒಂದು ಮೈನಸ್. ಈ ಕೊನೆಯದು ಮುಖ್ಯ. ಸ್ಟ್ಯಾಂಡರ್ಡ್ ಮಾಡೆಲ್‌ನಲ್ಲಿ ವಿದ್ಯುತ್ ಇರುವ ಹಿಗ್ಸ್ ಇಲ್ಲವೇ ಇಲ್ಲ. ಅಂಥದ್ದು ಒಂದು ಸಿಕ್ಕಿದರೂ ಸಾಕು, ವಾದ ಮುಗಿಯಿತು.

246 ಎಂಬ ಬೆಲೆ ಈಗ ಎರಡು ಜೋಡಿಗಳ ನಡುವೆ ಪಾಲಾಗಬೇಕು. ಒಟ್ಟು ಮೊತ್ತ ಬದಲಾಗುವಂತಿಲ್ಲ, ಡಬ್ಲ್ಯೂ ಝಡ್ ತೂಕ ಅದನ್ನು ಕಟ್ಟಿಹಾಕಿದೆ. ಆದರೆ ಯಾರಿಗೆ ಎಷ್ಟು ಪಾಲು ಎಂಬುದಕ್ಕೆ ಅಂಥ ಕಟ್ಟಿಲ್ಲ. ಮನೆ ಪಾಲಾಗುವಾಗ ಸರ್ವೆ ನಂಬರಿನ ಒಟ್ಟು ಎಕರೆ ಬದಲಾಗುವುದಿಲ್ಲ, ಅಣ್ಣತಮ್ಮಂದಿರ ಪಾಲು ಬದಲಾಗಬಹುದಲ್ಲ. (ಇಲ್ಲಿ ಕೂಡುವುದು ಪಾಲುಗಳ ವರ್ಗವನ್ನು, ಹೋಲಿಕೆಯನ್ನು ಅಷ್ಟು ಎಳೆಯಬೇಡಿ.) ಈ ಪಾಲಿನ ಅನುಪಾತಕ್ಕೆ ಟ್ಯಾನ್ ಬೀಟಾ ಎಂದು ಹೆಸರು. ಕಣಭೌತಶಾಸ್ತ್ರದ ಪೇಪರುಗಳಲ್ಲಿ ನಕ್ಷೆಗಳಲ್ಲಿ ಪದೇ ಪದೇ ಕಾಣುವ ಹೆಸರು ಇದು.

ಪಾಲಾದ ಮೇಲೆ ಜಗಳ ಇದ್ದೇ ಇದೆ. ಕ್ವಾರ್ಕುಗಳು ಯಾವ ಜೋಡಿಯಿಂದ ತೂಕ ಪಡೆಯಬೇಕು? ಇಬ್ಬರಿಂದಲೂ ಪಡೆಯಲಿ ಎಂದು ಬಿಟ್ಟರೆ ಒಂದು ಬಗೆಯ ಕ್ವಾರ್ಕ್ ಇನ್ನೊಂದು ಬಗೆಗೆ ಸುಲಭವಾಗಿ ಬದಲಾಗುತ್ತದೆ. ಪ್ರಯೋಗದಲ್ಲಿ ಇದು ತೀರ ಅಪರೂಪ. ಒಂದೊಂದು ಗುಂಪಿಗೆ ಒಬ್ಬನೇ ಯಜಮಾನ ಇರಲಿ ಎಂದು ಗ್ಲಾಶೋ ಮತ್ತು ವೈನ್‌ಬರ್ಗ್ 1977ರಲ್ಲಿ ನಿಯಮ ಹಾಕಿದರು. ಆ ನಿಯಮದಿಂದ ನಾಲ್ಕು ಬಗೆ ಹುಟ್ಟಿದವು. ಅವುಗಳಲ್ಲಿ ಎರಡನೇ ಬಗೆಯಲ್ಲಿ ಟಾಪ್ ಕ್ವಾರ್ಕ್ ಒಬ್ಬನ ಹತ್ತಿರ, ಬಾಟಮ್ ಕ್ವಾರ್ಕ್ ಇನ್ನೊಬ್ಬನ ಹತ್ತಿರ. ಬಾಟಮ್ ಕ್ವಾರ್ಕ್ ಬೆಳಕು ಬಿಟ್ಟು ಸ್ಟ್ರೇಂಜ್ ಕ್ವಾರ್ಕ್ ಆಗುವ ಅಪರೂಪದ ಘಟನೆಯನ್ನು ಅಳೆದೇ, ಎಲ್‌ಎಚ್‌ಸಿಯ ಸಹಾಯ ಇಲ್ಲದೆ, ಈ ಬಗೆಯ ವಿದ್ಯುತ್ ಹಿಗ್ಸ್ 500 ಜಿಇವಿಗಿಂತ ಸಾಕಷ್ಟು ಭಾರ ಇರಲೇಬೇಕು ಎಂದು ತೋರಿಸಿದ್ದಾರೆ. ಕಣ್ಣಿಗೆ ಕಾಣದ ಕಣದ ತೂಕಕ್ಕೆ ಹೀಗೆ ಗಡಿ ಹಾಕುವುದು ನನಗೆ ಇವತ್ತಿಗೂ ಸೋಜಿಗ.

ಇದೇ ಕುಟುಂಬದಲ್ಲಿ ಒಂದು ತಣ್ಣನೆಯ ಮಾದರಿಯೂ ಇದೆ. 1978ರಲ್ಲಿ ನೀಲೇಂದ್ರ ದೇಶಪಾಂಡೆ ಮತ್ತು ಅರ್ನೆಸ್ಟ್ ಮಾ ಬರೆದದ್ದು. ಎರಡನೇ ಜೋಡಿಗೆ ಪಾಲೇ ಇಲ್ಲ, ಕ್ವಾರ್ಕುಗಳ ಜತೆ ಮಾತೂ ಇಲ್ಲ. ಸುಮ್ನೆ ಮೂಲೆಯಲ್ಲಿರುತ್ತದೆ. ಅದರಲ್ಲಿ ಅತಿ ಹಗುರದ ಕಣ ಒಡೆಯುವುದಿಲ್ಲ. ಮೂವತ್ತು ವರ್ಷ ಹೆಚ್ಚುಕಡಿಮೆ ಯಾರೂ ತಿರುಗಿ ನೋಡದ ಆ ಮಾದರಿ ಆಮೇಲೆ ಕಪ್ಪುದ್ರವ್ಯದ ಅಭ್ಯರ್ಥಿಯಾಗಿ ಎದ್ದು ಬಂತು.

ಸೂಪರ್‌ಸಿಮೆಟ್ರಿಗೂ, ಅಂದರೆ ಪ್ರತಿ ಕಣಕ್ಕೂ ಒಬ್ಬ ಜೊತೆಗಾರ ಇದ್ದಾನೆ ಎನ್ನುವ ಸಿದ್ಧಾಂತಕ್ಕೂ, ಎರಡು ಜೋಡಿ ಬೇಕೇ ಬೇಕು, ಆಯ್ಕೆಯಲ್ಲ. ಅದರ ಸರಳ ರೂಪದ ಮೊದಲ ಲೆಕ್ಕದಲ್ಲಿ ಹಗುರದ ಹಿಗ್ಸ್ ಝಡ್‌ಗಿಂತ, ಅಂದರೆ 91 ಜಿಇವಿಗಿಂತ, ಭಾರ ಇರುವಂತಿಲ್ಲ. ಟಾಪ್ ಕ್ವಾರ್ಕ್ ಮತ್ತು ಅದರ ಜೊತೆಗಾರನ ಪರಿಣಾಮ ಸೇರಿಸಿದರೆ 130ರ ಸುತ್ತಮುತ್ತ ಏರಬಹುದು. 125 ಆ ಗಡಿಯೊಳಗೇ ಬಂತು ಎಂದು ಕೆಲವರು ಖುಷಿಪಟ್ಟರು. ಅಷ್ಟು ಏರಬೇಕಾದರೆ ಆ ಜೊತೆಗಾರ ತುಂಬ ಭಾರ ಇರಬೇಕಲ್ಲ ಎಂದು ಉಳಿದವರು ತಲೆ ಕೆರೆದುಕೊಂಡರು. ನಾನು ಎರಡನೇ ಗುಂಪಿನವನು. ಈ ಕೆಲಸದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಗೋಡ್ಬೋಲೆ ಅವರ ಹೆಸರು ಹೇಳಲೇಬೇಕು. ಸೂಪರ್‌ಸಿಮೆಟ್ರಿ ಕಣಗಳು ಸಿಕ್ಕರೆ ಹೇಗೆ ಗುರುತಿಸುವುದು, ಹಿಗ್ಸ್ ಕನ್ನಡಿಯಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ಅಳೆಯುವುದು ಹೇಗೆ ಎಂಬಂಥ ಪ್ರಶ್ನೆಗಳ ಮೇಲೆ ಅವರು ದಶಕಗಳ ಕಾಲ ಕೆಲಸ ಮಾಡಿದರು. 2024ರ ಅಕ್ಟೋಬರಿನಲ್ಲಿ ತೀರಿಕೊಂಡರು.

ತ್ರಿವಳಿಯ ಕತೆಗೆ ನಮ್ಮ ರಾಜ್ಯದಿಂದಲೇ ಒಂದು ದಾರಿ ಇದೆ. 1965ರಲ್ಲಿ ಕೋಲಾರದ ಚಿನ್ನದ ಗಣಿಯ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಸಿಕ್ಕಿತು. ಆ ನ್ಯೂಟ್ರಿನೊಗಳಿಗೆ ತೂಕ ಇದೆ ಎಂದು 1998ರಲ್ಲಿ ಜಪಾನಿನ ಸೂಪರ್ ಕಾಮಿಯೊಕಾಂಡೆ ಪ್ರಯೋಗ ತೋರಿಸಿತು. ಆದರೆ ತೂಕ ತೀರಾ ತೀರಾ ಕಮ್ಮಿ. ಯಾಕೆ? ಹಿಗ್ಸ್ ಮನೆಯಲ್ಲಿ ಒಂದು ತ್ರಿವಳಿ ಇದ್ದು, ಅದರ ಪಾಲು 246ರ ಎದುರು ಕಡಲೆಕಾಯಿಯಷ್ಟಿದ್ದರೆ, ಆ ಪುಟ್ಟ ಪಾಲಿನಿಂದಲೇ ನ್ಯೂಟ್ರಿನೊಗಳಿಗೆ ಪುಟ್ಟ ತೂಕ ಬರಬಹುದು. ಇದರಲ್ಲಿ ಎರಡು ಪಟ್ಟು ವಿದ್ಯುತ್ ಇರುವ ಹಿಗ್ಸ್ ಇರುತ್ತದೆ. ಅದು ಒಡೆದರೆ ಒಂದೇ ಚಿಹ್ನೆಯ ಎರಡು ಎಲೆಕ್ಟ್ರಾನ್ ಅಥವಾ ಎರಡು ಮ್ಯೂಯಾನ್ ಹಾರಬಹುದು. ಮಾಮೂಲಿ ಡಿಕ್ಕಿಗಳಲ್ಲಿ ಇದು ಅಪರೂಪವಾದ್ದರಿಂದ ಹುಡುಕುವವರಿಗೆ ಹಬ್ಬ. ಇದುವರೆಗೆ ಸಿಕ್ಕಿಲ್ಲ.

ತ್ರಿವಳಿಯ ಪಾಲು ದೊಡ್ಡದಾಗುವಂತಿಲ್ಲ. ದೊಡ್ಡದಾದರೆ ಡಬ್ಲ್ಯೂ ಮತ್ತು ಝಡ್ ತೂಕಗಳ ನಡುವಿನ ಲೆಕ್ಕ ಕೆಡುತ್ತದೆ. ಆ ಲೆಕ್ಕ ಕೆಟ್ಟಿತೇನೋ ಎಂದು ಒಮ್ಮೆ ಎಲ್ಲರಿಗೂ ಅನಿಸಿತ್ತು. 2022ರ ಏಪ್ರಿಲಿನಲ್ಲಿ ಅಮೆರಿಕದ ಫರ್ಮಿಲ್ಯಾಬಿನ ಸಿಡಿಎಫ್ ತಂಡ, ಹತ್ತು ವರ್ಷ ಹಿಂದೆಯೇ ನಿಂತುಹೋದ ಯಂತ್ರದ ಹಳೆಯ ದತ್ತಾಂಶವನ್ನು ಮತ್ತೆ ಅಳೆದು, ಡಬ್ಲ್ಯೂ ತೂಕ 80,433 ಎಂಇವಿ (ಸಾವಿರ ಎಂಇವಿ ಅಂದರೆ ಒಂದು ಜಿಇವಿ) ಎಂದಿತು. ಸಿದ್ಧಾಂತದ ಪ್ರಕಾರ ಸುಮಾರು 80,357. ವ್ಯತ್ಯಾಸ ಸಾವಿರಕ್ಕೆ ಒಂದು ಮಾತ್ರ. ಆದರೆ ಅವರ ಅಳತೆ ಅಷ್ಟು ಸೂಕ್ಷ್ಮವಾದ್ದರಿಂದ ಅದು ದೊಡ್ಡ ಸುದ್ದಿ. ಒಂದು ಬಗೆಯ ತ್ರಿವಳಿ ಡಬ್ಲ್ಯೂ ತೂಕವನ್ನು ಸರಿಯಾಗಿ ಹಾಗೆಯೇ ಮೇಲಕ್ಕೆತ್ತುತ್ತದೆ. ಪೇಪರುಗಳು ಸುರಿದವು. 2024ರ ಸೆಪ್ಟೆಂಬರಿನಲ್ಲಿ ಸಿಎಂಎಸ್ ತಂಡ ಅಷ್ಟೇ ಸೂಕ್ಷ್ಮವಾಗಿ ಅಳೆದು 80,360 ಎಂದಿತು. ಸಿದ್ಧಾಂತದ ಪಕ್ಕದಲ್ಲೇ. ಸಿಡಿಎಫ್ ಅಳತೆಯಲ್ಲಿ ಎಲ್ಲಿ ಏನಾಯಿತು ಎಂದು ಯಾರೂ ಬೆರಳಿಟ್ಟು ತೋರಿಸಿಲ್ಲ. ಆದರೆ ತ್ರಿವಳಿಯ ಮದುವೆಗೆ ಹಾಕಿದ ಚಪ್ಪರ ಸದ್ಯಕ್ಕೆ ಬಿಚ್ಚಿದ ಹಾಗೆಯೇ.

ಇಲ್ಲಿ ಅಕ್ಕನ ಮಗ ಮತ್ತೆ ತಡೆದ. "ಅಂದ್ರೆ ಇವರು ಏನು ಸಿಕ್ಕಿದ್ರೂ ಒಂದು ಮಾದರಿ ಹೊಲಿತಾರೆ ಅಲ್ವಾ?"

ಆ ಚುಚ್ಚು ಮಾತಿನಲ್ಲಿ ಸತ್ಯ ಇದೆ. 2015ರ ಡಿಸೆಂಬರಿನಲ್ಲಿ ಅಟ್ಲಾಸ್, ಸಿಎಂಎಸ್ ಎರಡೂ ಪ್ರಯೋಗಗಳಲ್ಲಿ 750 ಜಿಇವಿ ಹತ್ತಿರ ಎರಡು ಬೆಳಕಿನ ಕಣಗಳ ಜೋಡಿ ಸ್ವಲ್ಪ ಜಾಸ್ತಿ ಕಂಡಿತು. ಭಾರದ ಹಿಗ್ಸ್ ಇರಬಹುದು ಎಂದು ಎಂಟು ತಿಂಗಳಲ್ಲಿ 500ಕ್ಕೂ ಹೆಚ್ಚು ಪೇಪರು ಬಂತು. 2016ರ ಆಗಸ್ಟಿನಲ್ಲಿ ಹೊಸ ದತ್ತಾಂಶ ಬಂದಾಗ ನಕ್ಷೆಯಲ್ಲಿ ಎದ್ದಿದ್ದ ಆ ಗುಡ್ಡ ಮಾಯ. ನಾಣ್ಯ ಚಿಮ್ಮುವಾಗ ಸಾಲಾಗಿ ಆರು ಸಲ ರಾಜ ಬಿದ್ದ ಹಾಗೆ ಅಷ್ಟೇ. ಸಾವಿರ ಕಡೆ ಹುಡುಕಿದರೆ ಎಲ್ಲೋ ಒಂದು ಕಡೆ ಹೀಗೆ ಆಗಿಯೇ ಆಗುತ್ತದೆ. ಅದಕ್ಕೇ ಈ ಕ್ಷೇತ್ರದಲ್ಲಿ ಐದು ಸಿಗ್ಮಾ ಎಂಬ ಕಟ್ಟುಪಾಡು. ಸುಮ್ನೆ ಅದೃಷ್ಟದಿಂದ ಹಾಗೆ ಕಾಣುವ ಸಾಧ್ಯತೆ 35 ಲಕ್ಷಕ್ಕೆ ಒಂದಕ್ಕಿಂತ ಕಮ್ಮಿ ಇರಬೇಕು.

ಐದು ಸಿಗ್ಮಾ ದಾಟಿದರೂ ಕೆಲಸ ಮುಗಿಯುವುದಿಲ್ಲ ಎಂಬುದಕ್ಕೆ ಈಚಿನ ಉದಾಹರಣೆಯೇ ಇದೆ. ಎರಡು ಜೋಡಿ ಮಾದರಿಯ ಭಾರದ ಹಿಗ್ಸ್ ಟಾಪ್ ಮತ್ತು ಪ್ರತಿಟಾಪ್ ಆಗಿ ಒಡೆಯುತ್ತದೆಯೇ ಎಂದು ಸಿಎಂಎಸ್ ತಂಡ ನೋಡುತ್ತಿತ್ತು. ಸುಮಾರು 345 ಜಿಇವಿ ಹತ್ತಿರ, ಅಂದರೆ ಎರಡು ಟಾಪ್ ಕ್ವಾರ್ಕುಗಳ ಒಟ್ಟು ತೂಕದ ಹೊಸ್ತಿಲಲ್ಲೇ, ಎಣಿಸಿದ್ದಕ್ಕಿಂತ ಜಾಸ್ತಿ ಘಟನೆಗಳು ಸಿಕ್ಕವು. ಐದು ಸಿಗ್ಮಾ ದಾಟಿತು. 2025ರಲ್ಲಿ ಅಟ್ಲಾಸ್‌ಗೂ ಅದೇ ಕಂಡಿತು. ಸುಳ್ಳು ಗುಡ್ಡ ಅಲ್ಲ ಇದು, ನಿಜ. ಹಾಗಾದರೆ ಎ ಎಂಬ ಹಿಗ್ಸ್ ಸಿಕ್ಕಿತೇ? ಹೆಚ್ಚಿನವರು ಹಾಗೆನ್ನುತ್ತಿಲ್ಲ. ಟಾಪ್ ಮತ್ತು ಪ್ರತಿಟಾಪ್ ಹುಟ್ಟಿದ ಕೂಡಲೇ, ಸಾಯುವ ಮೊದಲು, ಒಂದರೆಗಳಿಗೆ ಕೈ ಹಿಡಿದುಕೊಳ್ಳುತ್ತವೆ ಎಂಬ ಟಾಪೋನಿಯಮ್ ವಿವರಣೆ ಹೆಚ್ಚು ಸಹಜ. ಅದಕ್ಕೆ ಹೊಸ ಕಣ ಬೇಡ, ಗೊತ್ತಿರುವ ಬಲ ಸಾಕು. ಕಷ್ಟ ಏನೆಂದರೆ, ಈ ಕೈಹಿಡಿತವೂ ಎ ಹಿಗ್ಸೂ ಕನ್ನಡಿಯಲ್ಲಿ ಒಂದೇ ತರಹ ಕಾಣುತ್ತವೆ. ತೂಕವೂ ಹತ್ತಿರ ಹತ್ತಿರ. ಬೇರ್ಪಡಿಸಲು ಸಿದ್ಧಾಂತದ ಲೆಕ್ಕ ಇನ್ನೂ ಚೊಕ್ಕ ಆಗಬೇಕು. ನನ್ನ ಒಲವು ಟಾಪೋನಿಯಮ್ ಕಡೆಗೇ.

95 ಜಿಇವಿಯ ಗುಡ್ಡ ಇನ್ನೊಂದು ಬಗೆ. ಅದು ಸಾಯುವುದೂ ಇಲ್ಲ, ಬೆಳೆಯುವುದೂ ಇಲ್ಲ. 2000ದಲ್ಲಿ ಮುಚ್ಚಿದ ಲೆಪ್ ಯಂತ್ರದಲ್ಲಿ 98ರ ಸುತ್ತ ಸಣ್ಣದೊಂದು ಉಬ್ಬು ಇತ್ತು. ಸಿಎಂಎಸ್‌ಗೆ 95.4ರಲ್ಲಿ 2.9 ಸಿಗ್ಮಾ, ಅಟ್ಲಾಸ್‌ಗೆ ಅದೇ ಜಾಗದಲ್ಲಿ 1.7. ಎಲ್ಲ ಕಡೆ ಹುಡುಕಿದ್ದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸಿಎಂಎಸ್‌ನದ್ದು 1.3ಕ್ಕೆ ಇಳಿಯುತ್ತದೆ. ಜೋಡಿಗೆ ಒಂಟಿಯನ್ನೂ ಸೇರಿಸಿ ಇದನ್ನು ವಿವರಿಸುವ ಮಾದರಿಗಳು ಬೇಕಾದಷ್ಟಿವೆ. ನಮ್ಮ ಹುಡುಗನಿಗೆ ಮಾತ್ರ ಇದರ ಮೇಲೆ ಭಾರಿ ನಂಬಿಕೆ.

ಹಾಗಾದರೆ ಮಾದರಿಗಳೆಲ್ಲ ಒಂದೇ ತೂಕದವಾ? ಅಲ್ಲ. ಗುಡ್ಡ ಕಂಡ ಮೇಲೆ ಹೊಲಿದ ಮಾದರಿಗೆ ನಾನು ಮರ್ಯಾದೆ ಕೊಡುವುದು ಕಮ್ಮಿ. ಬೇರೆ ಪ್ರಶ್ನೆಗೆ ಹುಟ್ಟಿ, ಮೊದಲೇ ತನ್ನ ಬೆರಳಚ್ಚು ಹೇಳಿಟ್ಟ ಮಾದರಿಗೆ ಜಾಸ್ತಿ. ಈ ಮೂರು ಕುಟುಂಬಗಳ ಬೆರಳಚ್ಚು ನಿಜಕ್ಕೂ ಬೇರೆ ಬೇರೆ. ಈಗ ಸಿಕ್ಕಿರುವ 125ರ ಹಿಗ್ಸ್ ಎಲ್ಲ ಕಣಗಳ ಜತೆಯೂ ಒಂದೇ ಪ್ರಮಾಣದಲ್ಲಿ ಸಡಿಲವಾಗಿದ್ದರೆ ಒಂಟಿಯ ಕೈವಾಡ. ಟಾಪ್ ಜತೆ ಸ್ವಲ್ಪ ಕಮ್ಮಿ, ಬಾಟಮ್ ಮತ್ತು ಟಾವು ಜತೆ ಸ್ವಲ್ಪ ಜಾಸ್ತಿ, ಹೀಗೆ ಏರುಪೇರಾದರೆ ಎರಡು ಜೋಡಿ. ಡಬ್ಲ್ಯೂ ಮತ್ತು ಝಡ್ ನಡುವಿನ ಲೆಕ್ಕವೇ ತಪ್ಪಿದರೆ ತ್ರಿವಳಿ. ಹೊಸ ಕಣ ಯಂತ್ರದ ಕೈಗೆ ಸಿಗದಷ್ಟು ಭಾರ ಇದ್ದರೂ, ಹಳೆಯ ಹಿಗ್ಸ್ ನಡವಳಿಕೆಯಲ್ಲಿ ಅದರ ನೆರಳು ಬೀಳುತ್ತದೆ.

ಇದುವರೆಗಿನ ನೆರಳು? 2022ರಲ್ಲಿ ಎರಡೂ ತಂಡಗಳು ಹತ್ತು ವರ್ಷದ ಲೆಕ್ಕ ಒಪ್ಪಿಸಿದವು. ಸಿದ್ಧಾಂತ ಹೇಳಿದ್ದನ್ನು 1 ಎಂದು ಇಟ್ಟರೆ ಅಟ್ಲಾಸ್ ಅಳತೆ 1.05, ಸಿಎಂಎಸ್ ಅಳತೆ 1.002. ಎರಡರಲ್ಲೂ ತಪ್ಪಿನ ಅಂಚು ಸುಮಾರು 6 ಶೇಕಡಾ. ಒಂದೇ ಹಿಗ್ಸ್ ಎಂಬ ಚಿತ್ರಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ 6 ಶೇಕಡಾದೊಳಗೆ ಅಡಗಿ ಕೂರುವ ಎರಡು ಜೋಡಿ ಮಾದರಿಗಳು ಧಾರಾಳ. ಎರಡನೇ ಜೋಡಿ ತುಂಬ ಭಾರ ಇದ್ದರೆ ಹಗುರದ ಹಿಗ್ಸ್ ಥೇಟ್ ಒಂಟಿ ಮಗುವಿನ ಹಾಗೆಯೇ ವರ್ತಿಸುತ್ತದೆ. ಈ ಮಾದರಿಗಳಲ್ಲಿ ನನಗೆ ಕಿರಿಕಿರಿ ಆಗುವುದೂ ಇಲ್ಲೇ. ಸಿಗದಿದ್ದರೆ 'ಇನ್ನೂ ಭಾರ ಇರಬೇಕು' ಎನ್ನಬಹುದು. ಎಷ್ಟು ದಿನ ಹಾಗೆನ್ನುವುದು?

ಒಂದು ಕಡೆ ಮಾತ್ರ ತಪ್ಪಿಸಿಕೊಳ್ಳುವುದು ಕಷ್ಟ. ಹಿಗ್ಸ್ ತನ್ನ ಜತೆ ತಾನೇ ಎಷ್ಟು ಬಲವಾಗಿ ವರ್ತಿಸುತ್ತದೆ ಎಂಬ ಅಳತೆ ಅದು. ಗುಳ್ಳೆಯೋ ಬೆಲ್ಲದ ಪಾಕವೋ ಎಂಬುದನ್ನು ತೀರ್ಮಾನಿಸುವುದರಲ್ಲಿ ಈ ಬಲದ ಪಾತ್ರ ದೊಡ್ಡದು. ಗುಳ್ಳೆ ಏಳಿಸುವ ಹೆಚ್ಚಿನ ಮಾದರಿಗಳಲ್ಲಿ ಇದು ಸಿದ್ಧಾಂತದ ಬೆಲೆಗಿಂತ ಎದ್ದು ಕಾಣುವಷ್ಟು ಬೇರೆ ಇರುತ್ತದೆ. ಅಳೆಯಬೇಕಾದರೆ ಒಂದೇ ಡಿಕ್ಕಿಯಲ್ಲಿ ಎರಡು ಹಿಗ್ಸ್ ಹುಟ್ಟಬೇಕು. ಒಂದು ಹಿಗ್ಸ್ ಹುಟ್ಟುವುದೇ ಸುಮಾರು ನೂರು ಕೋಟಿ ಡಿಕ್ಕಿಗೆ ಒಮ್ಮೆ. ಎರಡು ಒಟ್ಟಿಗೆ ಹುಟ್ಟುವುದು ಅದಕ್ಕಿಂತ ಸಾವಿರಕ್ಕೂ ಹೆಚ್ಚು ಪಟ್ಟು ಅಪರೂಪ. ಹಾಗಾಗಿ 2018ರವರೆಗಿನ ದತ್ತಾಂಶದಿಂದ ಅಟ್ಲಾಸ್ ಹೇಳಿದ್ದು ಇಷ್ಟೇ: ಈ ಬಲ ಸಿದ್ಧಾಂತದ ಬೆಲೆಯ ಮೈನಸ್ 1.2 ಪಟ್ಟಿನಿಂದ 7.2 ಪಟ್ಟಿನ ನಡುವೆ ಎಲ್ಲಿ ಬೇಕಾದರೂ ಇರಬಹುದು. ಬಂಗುಡೆ ಕಿಲೋಗೆ ಎಷ್ಟು ಎಂದರೆ ಸೊನ್ನೆಯಿಂದ ಎರಡು ಸಾವಿರದ ಮಧ್ಯೆ ಎಂದ ಹಾಗೆ. ಬಲೆ ಹೊಲಿಯುತ್ತಿರುವುದು ಮುಖ್ಯವಾಗಿ ಇದಕ್ಕೇ. ರಜೆ ಮುಗಿಸಿ ಮತ್ತೆ ಓಡುವ ಎಲ್‌ಎಚ್‌ಸಿ, ತನ್ನ ಬಾಳಿನ ಕೊನೆಗೆ ಇದನ್ನು ಸುಮಾರು 30 ಶೇಕಡಾ ತಪ್ಪಿನೊಳಗೆ ಹೇಳಬಹುದು ಎಂಬುದು ಈಗಿನ ಅಂದಾಜು.

ಅಷ್ಟು ಸಾಲದು ಎನ್ನುವವರು ಇನ್ನೂ ದೊಡ್ಡದು ಕೇಳುತ್ತಿದ್ದಾರೆ. ಎಲ್‌ಎಚ್‌ಸಿಯ ಸುತ್ತಳತೆ 27 ಕಿಲೋಮೀಟರ್, ಮಂಗಳೂರಿಂದ ಹೆಚ್ಚುಕಡಿಮೆ ಮೂಲ್ಕಿಯವರೆಗೆ. ಹೊಸದಾಗಿ ಯೋಚಿಸಿರುವ ಉಂಗುರದ್ದು ಸುಮಾರು 91, ಅಂದರೆ ಕುಂದಾಪುರದ ಹತ್ತಿರ ಹತ್ತಿರ. ಮೊದಲ ಹಂತದ ಖರ್ಚು ಸುಮಾರು 1,500 ಕೋಟಿ ಸ್ವಿಸ್ ಫ್ರಾಂಕ್. ಅದರಲ್ಲಿ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಡಿಕ್ಕಿ ಹೊಡೆಸುತ್ತಾರೆ. ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಮೈಕ್ರೋಟ್ರಾನ್ ಇದೆ, ಅದೂ ಎಲೆಕ್ಟ್ರಾನ್ ಯಂತ್ರವೇ. ಅಲ್ಲಿ ಎಲೆಕ್ಟ್ರಾನುಗಳಿಗೆ ಸಿಗುವುದು 8 ಎಂಇವಿ. ಎಲ್‌ಎಚ್‌ಸಿಯ ಪ್ರೋಟಾನಿಗೆ ಅದರ ಎಂಟೂವರೆ ಲಕ್ಷ ಪಟ್ಟು. ಆದರೂ ಕಣವನ್ನು ಸುತ್ತಿಸಿ ಸುತ್ತಿಸಿ ಮತ್ತೆ ಮತ್ತೆ ತಳ್ಳುವ ಉಪಾಯ ಎರಡು ಕಡೆಯೂ ಒಂದೇ. ಹುಡುಗನಿಗೆ ಜಿನೀವಾ ತೋರಿಸಲು ನನ್ನಿಂದಾಗದು, ಕೊಣಾಜೆ ಬಸ್ಸು ಹತ್ತಿಸಬಹುದು.

ನಮ್ಮ ದೇಶಕ್ಕೂ ಇದರಲ್ಲಿ ಪಾಲಿದೆ. ಭಾರತ 2017ರಿಂದ ಸರ್ನ್‌ನ ಸಹಸದಸ್ಯ. ಅದಕ್ಕೂ ಮೊದಲೇ ಎಲ್‌ಎಚ್‌ಸಿಯ ಆಯಸ್ಕಾಂತಗಳನ್ನು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಎತ್ತಿ ಕೂರಿಸುವ ಸುಮಾರು 7,000 ಜಾಕಿಗಳು ಇಲ್ಲಿಂದ ಹೋಗಿದ್ದವು. ಅವುಗಳಲ್ಲಿ ಮುಖ್ಯವಾದ ಒಂದೊಂದು ಆಯಸ್ಕಾಂತ 15 ಮೀಟರ್ ಉದ್ದ, 35 ಟನ್ ತೂಕ. ಸಿಎಂಎಸ್ ಪ್ರಯೋಗದ ಕೆಲವು ಸಿಲಿಕಾನ್ ಪಟ್ಟಿಗಳು ತಯಾರಾದದ್ದು ಬೆಂಗಳೂರಿನ ಬಿಇಎಲ್‌ನಲ್ಲಿ.

ಇಷ್ಟೆಲ್ಲ ಆದ ಮೇಲೆ ನಾವಿಬ್ಬರೂ ಒಂದು ಪಂಥ ಕಟ್ಟಿದೆವು. ಅವನದ್ದು 95 ಜಿಇವಿಯ ಗುಡ್ಡ. ಹೊಸ ಎಲ್‌ಎಚ್‌ಸಿ ಶುರುವಾಗಿ ಮೂರು ವರ್ಷದೊಳಗೆ ಅದು ಐದು ಸಿಗ್ಮಾ ದಾಟುತ್ತದಂತೆ. ನನ್ನದು ಬೇರೆ. ಹೊಸ ಗುಡ್ಡ ಯಾವುದೂ ನಿಲ್ಲುವುದಿಲ್ಲ, ಆದರೆ ಎರಡು ಹಿಗ್ಸ್‌ಗಳ ಅಳತೆ ಸಿದ್ಧಾಂತಕ್ಕಿಂತ ಮೇಲೆ ಬರುತ್ತದೆ, ಅದಕ್ಕೆ ಕಾರಣ ಯಾರೂ ಗಮನಿಸದ ಒಂಟಿ. ಸೋತವನು ಉಡುಪಿಯಲ್ಲಿ ಒಂದು ಪ್ಲೇಟ್ ಬನ್ಸ್ ಕೊಡಿಸಬೇಕು. ಅವನ ಪಂಥದ ಫಲಿತಾಂಶ 2033ಕ್ಕೆ ಗೊತ್ತಾಗುತ್ತದೆ. ನನ್ನದಕ್ಕೆ 2040 ದಾಟಬೇಕು. ಅಷ್ಟರಲ್ಲಿ ಬನ್ಸ್ ರೇಟು ಎಷ್ಟಾಗಿರುತ್ತದೆ ಎಂದು ಅವನು ಈಗಲೇ ಲೆಕ್ಕ ಹಾಕುತ್ತಿದ್ದಾನೆ.